ಬೇರಿಂದು ಬೇರೆ

"ಬೇರಮ್ಮ, ನಿನ್ನ ಗೋಧಿ ಗಿರಣಿಗೆ ಹೋಗಿದೆ ಕಣೇ. ಇಷ್ಟೊತ್ತಿಗೆ ಹಿಟ್ಟಾಗಿದ್ರೂ ಆಗಿರುತ್ತೆ."

ಗಿಣಿ ಇದನ್ನು ಶೆಡ್ಡಿನ ಬಾಗಿಲಲ್ಲೇ ನಿಂತು, ಓಡಿಬಂದ ಏದುಸಿರಿನಲ್ಲೇ ಒದರಿದಳು. ಅವಳಿಗೂ ಒಂದು ಸರಿಯಾದ ಹೆಸರಿತ್ತು. ಆದರೆ ಈ ಕೋಣೆಯಲ್ಲಿ ಕೇಳಿದ್ದನ್ನು ಚಾಚೂ ತಪ್ಪದೆ ಆ ಕೋಣೆಗೆ ಮುಟ್ಟಿಸುವ ಗುಣದಿಂದ ಇಡೀ ಸಂಶೋಧನಾ ಕೇಂದ್ರಕ್ಕೆ ಗಿಣಿಯಾಗಿದ್ದಳು. ಗೋಧಿಗೆ ಬರುವ ತುಕ್ಕುರೋಗದ ಮೇಲೆ ಅವಳ ಕೆಲಸ. ಎಲೆ ನೋಡುವುದಕ್ಕಿಂತ ಬೇರೆಯವರ ಮುಖ ನೋಡುವುದೇ ಹೆಚ್ಚು.

ಬೇರಮ್ಮ ತಲೆ ಎತ್ತಲಿಲ್ಲ. ಮೊಣಕೈವರೆಗೆ ಕೆಸರು ಮಾಡಿಕೊಂಡು, ಜರಡಿಯ ಮೇಲೆ ಕೂರಿಸಿದ ಮಣ್ಣಿನ ಹೆಂಟೆಗೆ ನೀರಿನ ಪೈಪು ಹಿಡಿದಿದ್ದಳು. ಹೆಂಟೆಯೊಳಗೆ ಕೊಯ್ಲಾದ ಗೋಧಿಯ ಕೂಳೆಯಿತ್ತು, ಅದರಡಿ ಬೇರಿತ್ತು. ನೀರು ಜೋರಾದರೆ ಬೇರು ಹರಿಯುತ್ತದೆ, ಸಣ್ಣದಾದರೆ ಮಣ್ಣು ಬಿಡುವುದಿಲ್ಲ. ಕೂಸಿನ ನೆತ್ತಿ ತೊಳೆದಷ್ಟೇ ನಾಜೂಕು ಬೇಕು.

"ಸಾದಾ ಗೋಧಿ ತಾನೆ?" ಅಂದಳು. "ಅದು ಹೋಗ್ಲೇಬೇಕಿತ್ತು. ನಾನೇ ಕಳ್ಸಿ ಅಂದಿದ್ದು."

"ಸಾದಾದು ಉಗ್ರಾಣದಲ್ಲೇ ಕೂತಿದೆ, ಕಣ್ಣಾರೆ ನೋಡಿ ಬಂದೆ. ನಿಂದು ಹೋಗಿದೆ. ನಿಮ್ಮ ಚಿಕ್ಕಪ್ಪ ಬೆಳಿಗ್ಗೆ ತಾವೇ ಹೊತ್ತು ಗಾಡಿಗೆ ಹಾಕಿ, ಇಳಿಸಿ ಬಂದ್ರಂತೆ. ಈಗ ಟೀ ಕುಡೀತಾ ಕೂತಿದಾರೆ. ಭಾರಿ ಖುಷೀಲಿದಾರೆ ಬೇರೆ."

ಪೈಪು ಬೇರಮ್ಮನ ಕೈಯಿಂದ ಜಾರಿ ಜರಡಿಯ ಅಂಚಿಗೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ, ನಲ್ಲಿಯನ್ನೂ ನಿಲ್ಲಿಸಲಿಲ್ಲ. ಕೆಸರು ಕೈಯಲ್ಲೇ ಹೊರಗೆ ಓಡಿದಳು.

ಬೇರಮ್ಮ ಎನ್ನುವುದೂ ಅಡ್ಡಹೆಸರೇ. ಗೋಧಿಯ ತಳಿ ಮಾಡುವವರೆಲ್ಲ ತೆನೆ ನೋಡಿಕೊಂಡು ಓಡಾಡುವಾಗ ಇವಳೊಬ್ಬಳು ನೆಲ ನೋಡಿಕೊಂಡು ಓಡಾಡುತ್ತಿದ್ದಳು. ಅವಳ ಬಳಿ ಎರಡು ಗೋಧಿಗಳಿದ್ದವು. ಒಂದು ಹಳೇ ಕಾಲದ್ದು, ಗಾಳಿಗೆ ಬಿದ್ದುಹೋಗುವಷ್ಟು ಉದ್ದ, ತೆನೆ ನೋಡಿದರೆ ನಗು ಬರಬೇಕು, ಆದರೆ ಅಗೆದರೆ ಕುದುರೆ ಬಾಲದಂಥ ಬೇರು. ಇನ್ನೊಂದು ಎಲ್ಲರೂ ಬೆಳೆಯುವ ಸಾದಾ ಗೋಧಿ. ಗಿಡ್ಡ, ತುಂಬಿದ ತೆನೆ, ಕೆಳಗೆ ಮಾತ್ರ ಮುದುಕರ ಗಡ್ಡದ ಹಾಗೆ ಅಲ್ಲೊಂದು ಇಲ್ಲೊಂದು ಎಳೆ. ಎರಡನ್ನೂ ಕೂಡಿಸಿ, ಇದರ ತೆನೆ ಅದರ ಬೇರು ಇರುವ ಒಂದು ಗೋಧಿ ಬರಲಿ ಎಂದು ಅವಳು ವರ್ಷಗಳಿಂದ ಚಿಮುಟ ಹಿಡಿದು ಹೂವಿನ ಮುಂದೆ ಕೂತಿದ್ದಳು. ಬೇರು ದೊಡ್ಡದಾದರೆ ಗಿಡ ಆಳದ ನೀರನ್ನೂ ಸಾರವನ್ನೂ ಎಳೆದುಕೊಳ್ಳುತ್ತದೆ, ಕಾಳು ತುಂಬುತ್ತದೆ ಎನ್ನುವುದು ಅವಳ ಲೆಕ್ಕ. ಆದರೆ ಮೊದಲ ವರ್ಷಗಳಲ್ಲಿ ಆ ಗೋಧಿ ಬೇರು ಬಿಟ್ಟುಕೊಂಡು ಸುಮ್ಮನಿರುತ್ತಿತ್ತು. ಉಂಡಿದ್ದೆಲ್ಲ ಕಾಲಿಗೇ ಹೋಗುತ್ತಿದೆ ಎಂದು ಗಿಣಿ ಆಡಿಕೊಳ್ಳುತ್ತಿದ್ದಳು.

ಈ ಸಲ ಹಾಗಾಗಲಿಲ್ಲ. ಹೊಲಕ್ಕೆ ನೀರು ಕಡಿಮೆ ಮಾಡಿದಾಗ ಸಾದಾ ಗೋಧಿ ಎಲೆ ಸುರುಳಿ ಸುತ್ತಿಕೊಂಡಿತು, ಬೇರಿನ ಗೋಧಿ ಏನೂ ಆಗದವರ ಹಾಗೆ ಹಸಿರಾಗಿ ನಿಂತಿತು. ನಿನ್ನೆ ಒಕ್ಕಿ ತೂಗಿದಾಗ ಮೊದಲ ಬಾರಿಗೆ ಸಾದಾ ಗೋಧಿಯನ್ನು ಮೀರಿಸಿತ್ತು. ತಕ್ಕಡಿಯ ಮುಳ್ಳು ನೋಡಿ ಅವಳ ಮೇಡಂ "ಪರ್ವಾಗಿಲ್ಲ" ಅಂದಿದ್ದರು. ಮೇಡಂ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರು ಹಾರ ಹಾಕಿ ಮೆರವಣಿಗೆ ಮಾಡಿದ ಹಾಗೆ.

ಹಿಂದಿನ ವರ್ಷದ ಬೀಜ ಒಂದಿಷ್ಟು ತಣ್ಣನೆ ಕೋಣೆಯಲ್ಲಿತ್ತು. ಮಳೆಗಾಲದಲ್ಲಿ ಅಲ್ಲಿನ ಯಂತ್ರ ಕೆಟ್ಟು ಬಹುಪಾಲಿಗೆ ಬೂಸ್ಟು ಹಿಡಿದಿತ್ತು. ಉಳಿದ ಚೂರುಪಾರನ್ನೆಲ್ಲ ಈ ಸಲ ಹೊಲಕ್ಕೇ ಹಾಕಿದ್ದರು. ಹಾಗಾಗಿ ಲೋಕದಲ್ಲಿ ಆ ಗೋಧಿ ಇದ್ದದ್ದು ಉಗ್ರಾಣದ ಆ ನಾಲ್ಕು ಚೀಲಗಳಲ್ಲಿ ಮಾತ್ರ. ನಿನ್ನೆಯೇ ಒಂದು ಹಿಡಿ ತೆಗೆದು ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿತ್ತು. ಕತ್ತಲಾಗಿತ್ತು, ಹಸಿವಾಗಿತ್ತು. ನಾಳೆ ಬೇರು ತೊಳೆದ ಮೇಲೆ ಇಟ್ಟುಕೊಂಡರಾಯಿತು ಎಂದು ಬಿಟ್ಟಿದ್ದಳು.

ಉಗ್ರಾಣದಲ್ಲಿ ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಎಡಗಿವಿಯನ್ನು ಆ ಎಂಜಿನ್ನಿಗೇ ಕೊಟ್ಟು ಬಂದವರು. ಮನೆಯಲ್ಲಿ ಕೂತರೆ ಚಿಕ್ಕಮ್ಮನಿಗೆ ಉಸಿರಾಡಲು ಬಿಡುವುದಿಲ್ಲವೆಂದು ಬೇರಮ್ಮನೇ ಮೇಡಂ ಕಾಲು ಹಿಡಿದು ಕೇಂದ್ರದ ಗಾಡಿಗೆ ದಿನಗೂಲಿ ಡ್ರೈವರಾಗಿ ಸೇರಿಸಿದ್ದಳು. ಉಗ್ರಾಣದವನು ಆಪರೇಷನ್ನಿಗೆ ಹೋದಾಗಿನಿಂದ ಬೀಗದ ಕೈಯೂ ಇವರ ಹತ್ತಿರವೇ.

"ಬಾ ಪುಟ್ಟಿ," ಅಂದರು. "ನೀನು ಹೇಳ್ದಂಗೇ ಮಾಡಿದೀನಿ. ನೋಡು, ಬೇರೇದೆಲ್ಲ ಬೇರೆ ಇಟ್ಟಿದೀನಿ."

ಗೋಡೆಯ ಪಕ್ಕ ಸಾದಾ ಗೋಧಿಯ ಚೀಲಗಳು ಅಚ್ಚುಕಟ್ಟಾಗಿ ನಿಂತಿದ್ದವು. ಇಲಿ ಬರಬಾರದೆಂದು ಅಡಿಗೆ ಹಲಗೆ ಬೇರೆ ಕೊಟ್ಟಿದ್ದರು. ಎದುರಿನ ಮೂಲೆ ಖಾಲಿಯಿತ್ತು. ಗುಡಿಸಿಯೂ ಆಗಿತ್ತು.

"ಚಿಕ್ಕಪ್ಪ, ನಾನು ಫೋನಲ್ಲಿ ಏನು ಹೇಳ್ದೆ?"

"ಬೇರೇದು ಬೇರೆ ಇಡಿ, ಮಿಕ್ಕಿದ್ದು ಗಿರಣಿಗೆ ಹಾಕಿ ಅಂದೆ."

"ಬೇರಿಂದು ಅಂದೆ ಚಿಕ್ಕಪ್ಪ. ಬೇರಿಂದು ಬೇರೆ ಇಡಿ ಅಂತ."

"ಅದೇ ಮತ್ತೆ. ಬೇರೇದು."

"ಬೇರೇದಲ್ಲ. ಬೇರು. ಗಿಡದ ಕೆಳಗಿರುತ್ತಲ್ಲ, ಬೇರು. ಬೇರಿನ ಗೋಧಿ."

ಚಿಕ್ಕಪ್ಪ ಟೀ ಲೋಟವನ್ನು ಕೆಳಗಿಟ್ಟರು. "ಗೋಧಿ ತೆನೇಲಲ್ವೇನಮ್ಮ ಬಿಡೋದು?"

ಬಾಗಿಲಲ್ಲಿ ನಿಂತಿದ್ದ ಗಿಣಿಗೆ ನಗು ಬಂದುಬಿಟ್ಟಿತು. ಕೆಮ್ಮಿ ಮುಚ್ಚಿಕೊಂಡಳು.

"ಚೀಲದ ಮೇಲೆ ಬರೆದಿತ್ತಲ್ಲ," ಅಂದಳು ಬೇರಮ್ಮ. ಅವಳ ದನಿ ಅವಳಿಗೇ ದೂರದಿಂದ ಕೇಳಿದ ಹಾಗಿತ್ತು.

"ಬೇ ಅಂತಿತ್ತು. ಬೇಡ ಅಂತ ಬರೆದಿದೀಯ, ಜಾಗ ಸಾಲ್ದೆ ನಿಲ್ಲಿಸಿದೀಯ ಅಂದ್ಕೊಂಡೆ."

"ಇನ್ನೊಂದರ ಮೇಲೆ?"

"ಸಾ ಅಂತಿತ್ತು. ಸಾಹೇಬ್ರದ್ದು ಅಂತ ಹುಷಾರಾಗಿ ಇಟ್ಟೆ." ಅಷ್ಟು ಹೇಳುವಷ್ಟರಲ್ಲಿ ಅವರ ಮುಖ ಸಣ್ಣಗಾಗುತ್ತ ಬಂತು. "ನಾನು ತಿರುಗಿ ಕೇಳ್ದೆ ಕಣಮ್ಮ. ಬೇರೇದು ಬೇರೆ ತಾನೆ ಅಂತ ಕೇಳ್ದೆ. ಹೂಂ ಹೂಂ ಅಂದೆ ನೀನು."

ಅಂದಿದ್ದಳು. ಕೈಯೆಲ್ಲ ಕೆಸರಾಗಿತ್ತೆಂದು ಫೋನನ್ನು ಕಿಟಕಿಯ ಮೇಲಿಟ್ಟು ಸ್ಪೀಕರ್ ಹಾಕಿಕೊಂಡು ಮಾತಾಡಿದ್ದಳು. ಈ ಕಡೆ ನೀರು ಸುರಿಯುತ್ತಿತ್ತು, ಆ ಕಡೆ ಒಂದು ಕಿವಿ ಇರಲಿಲ್ಲ. ಚಿಕ್ಕಪ್ಪ ಕೇಳಿದ್ದೇನೆಂದು ಇವಳಿಗೂ ಸರಿಯಾಗಿ ಕೇಳಿಸಿರಲಿಲ್ಲ. ಬೇರು, ಬೇರೆ, ಏನೋ ಒಂದು ಕೇಳಿಸಿತ್ತು, ಹೂಂ ಅಂದಿದ್ದಳು. ಒಂದಲ್ಲ, ಎರಡು ಸಲ.

ಗಿರಣಿಯವನಿಗೆ ಫೋನು ಮಾಡಿದರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದರು.

"ಎತ್ತಲ್ಲ ಅವನು," ಅಂದರು ಚಿಕ್ಕಪ್ಪ. "ಮೆಷಿನ್ ಓಡ್ತಾ ಇದ್ರೆ ಅವನಿಗೆ ಯಾರು ಸತ್ರೂ ಕೇಳಿಸಲ್ಲ. ನಡಿ, ಹತ್ತು ಗಾಡಿ."

"ನಾನೂ ಬರ್ತೀನಿ," ಅಂದಳು ಗಿಣಿ. "ಇಲ್ಲೇ ಕೂತ್ರೆ ಯಾರಿಗಾದ್ರೂ ಹೇಳಿಬಿಡ್ತೀನಿ."

ಚಿಕ್ಕಪ್ಪ ಎಂದೂ ಇಲ್ಲದ ಜೋರಿನಲ್ಲಿ ಓಡಿಸಿದರು. ಪೇಟೆಯ ತಿರುವಿನಲ್ಲಿ ಹಣ್ಣಿನ ಗಾಡಿಯವನೊಬ್ಬ ಬಾಯಿಗೆ ಬಂದದ್ದು ಬೈದ. ಬಿಸಿಲಿಗೆ ಬೇರಮ್ಮನ ಕೈ ಮೇಲಿನ ಕೆಸರು ಒಣಗಿ, ಚರ್ಮ ಹಿಡಿದೆಳೆದ ಹಾಗಾಗುತ್ತಿತ್ತು. ಕಾಳು ಇನ್ನೂ ಚೀಲದಲ್ಲೇ ಇರಬಹುದು, ಊಟದ ಹೊತ್ತಿಗೆ ಮೆಷಿನ್ ನಿಲ್ಲಿಸಿರಬಹುದು, ಕರೆಂಟು ಹೋಗಿರಬಹುದು. ಕರೆಂಟು ಹೋಗಲಿ ಎಂದು ಅವಳು ಮನಸಿನಲ್ಲೇ ಬೇಡಿಕೊಂಡಳು. ರಸ್ತೆ ಪಕ್ಕದ ಅಂಗಡಿಯೊಂದರಲ್ಲಿ ಫ್ಯಾನು ತಿರುಗುತ್ತಿತ್ತು. ಅದರ ಪಕ್ಕದಂಗಡಿಯಲ್ಲೂ ತಿರುಗುತ್ತಿತ್ತು.

ರೈಲ್ವೆ ಗೇಟು ಹಾಕಿತ್ತು.

ಚಿಕ್ಕಪ್ಪ ಎಂಜಿನ್ ಆರಿಸಿದರು. ಮುಂದೆ ಒಂದು ಟ್ರ್ಯಾಕ್ಟರ್, ಎರಡು ಸ್ಕೂಟರ್, ಹಿಂದೆ ಒಂದು ಬಸ್ಸು. ರೈಲು ಕಾಣುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಗೇಟಿನವನು ಕೋಣೆಯ ಬಾಗಿಲಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಬೈಯೋದಾದ್ರೆ ಈಗ್ಲೇ ಬೈದುಬಿಡು ಮಗಳೇ," ಅಂದರು ಚಿಕ್ಕಪ್ಪ, ಗೇಟನ್ನೇ ನೋಡುತ್ತ. "ಗಾಡಿ ಓಡಿಸ್ತಾ ಬೈಸ್ಕೊಂಡ್ರೆ ನಂಗೆ ಕೈ ನಡುಗುತ್ತೆ."

"ಯಾಕೆ ಬೈಲಿ ಚಿಕ್ಕಪ್ಪ."

"ಬೈಯದೆ ಕೂತ್ರೂ ನಡುಗುತ್ತೆ."

ಬೈಯಲು ಅವಳಿಗೆ ಏನೂ ಸಿಗಲಿಲ್ಲ. ಕೇಳಿದ್ದನ್ನು ಮಾಡಿದ್ದರು, ತಿರುಗಿ ಕೇಳಿ ಮಾಡಿದ್ದರು, ಮಾಡಿದ ಮೇಲೆ ನೆಲವನ್ನೂ ಗುಡಿಸಿದ್ದರು. ಅವಳು ಹಿಂದಿನ ಸೀಟಿನಿಂದ ಅವರ ಬಲಗಿವಿಯ ಕಡೆ ವಾಲಿ "ಚೀಲ ಅವನೇ ಬಿಚ್ಚಿದ್ನಾ?" ಎಂದು ಕೇಳಿದಳು.

"ನಾನಿದ್ದಾಗ ಬಿಚ್ಚಿರ್ಲಿಲ್ಲ. ಒಂದು ಲಾರಿ ನಿಂತಿತ್ತು, ಅದನ್ನ ಇಳಿಸ್ತಾ ಇದ್ದ."

ಗೂಡ್ಸು ಬಂತು. ಗಿಣಿ ಡಬ್ಬಿ ಎಣಿಸಲು ಶುರುಮಾಡಿ, ನಡುವೆ ಬೇರಮ್ಮನ ಮುಖ ನೋಡಿ ಬಿಟ್ಟಳು. ಒಂದೊಂದೇ ಡಬ್ಬಿ, ಹೆರಿಗೆ ಆದವರು ನಡೆದ ಹಾಗೆ ನಿಧಾನವಾಗಿ ದಾಟಿತು. ಗೇಟಿನವನು ಕೊನೆಯ ಬೆರಳಿನ ಉಗುರನ್ನೂ ಮುಗಿಸಿ ಎದ್ದ.

ಗಿರಣಿಯ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಒಳಗೆ ಗಿರಣಿಯವನು ತಲೆಯಿಂದ ಕಾಲವರೆಗೆ ಬೆಳ್ಳಗಿದ್ದ. ಹುಬ್ಬು, ಮೀಸೆ, ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲು, ಎಲ್ಲಕ್ಕೂ ಹಿಟ್ಟು. ಚಿಕ್ಕಪ್ಪ ಕೈಯಲ್ಲೇ ಸನ್ನೆ ಮಾಡಿದರು. ಅವನು ಗೋಡೆಯ ಗುಂಡಿ ಒತ್ತಿದ. ಪಟ್ಟಿಗಳು ತಿರುಗಿ ತಿರುಗಿ ಸುಸ್ತಾಗಿ ನಿಂತವು.

"ಏನ್ ಯಜಮಾನ್ರೇ, ಇನ್ನೂ ಇದ್ಯಾ ಚೀಲ?"

"ಬೆಳಿಗ್ಗೆ ಹಾಕಿದ್ನಲ್ಲ, ಅದು ಎಲ್ಲಿ?"

"ಅದಾ? ಮೊದಲನೇ ಪಾಳಿಗೇ ಸುರಿದುಬಿಟ್ಟೆ. ಒಳ್ಳೆ ಮಾಲು. ತುಂಬಿದ ಕಾಳು, ಹೊಟ್ಟು ಕಮ್ಮಿ. ಅದರ ಮೇಲೆ ಲಾರೀದು ಸುರಿದೆ."

ನೆಲದಲ್ಲಿ ಕಬ್ಬಿಣದ ಜಾಲರಿ ಹಾಕಿದ ಒಂದು ಕುಳಿಯಿತ್ತು. ಕಾಳು ಸುರಿಯುವುದು ಅಲ್ಲಿಗೆ, ಅಲ್ಲಿಂದ ಬಕೆಟ್ಟಿನ ಸರಪಳಿ ಅದನ್ನು ಮೇಲಕ್ಕೆ ಒಯ್ಯುವುದು. ಬೇರಮ್ಮ ಜಾಲರಿಯ ಪಕ್ಕ ಮಂಡಿಯೂರಿ, ಕೈ ಇಳಿಸಿ ಒಂದು ಹಿಡಿ ತೆಗೆದಳು. ಬೆಳಕಿಗೆ ಹಿಡಿದಳು. ಗೋಧಿ. ಕಂದು, ನಡುವೆ ಸೀಳು, ತುದಿಗೆ ಚೂರು ರೋಮ. ಇನ್ನೊಂದು ಹಿಡಿ ತೆಗೆದಳು. ಅದೂ ಗೋಧಿ. ಬೇರು ಕೊಟ್ಟರೆ ಕಣ್ಣು ಮುಚ್ಚಿ ಬೆರಳಲ್ಲೇ ಮುಟ್ಟಿ ಇದು ನನ್ನದು, ಇದಲ್ಲ ಎಂದು ಹೇಳಬಲ್ಲವಳು, ಕಾಳಿನ ಮುಂದೆ ದಾರಿ ತಪ್ಪಿದವಳ ಹಾಗೆ ಕೂತಳು.

"ಗುರುತೇನಾದ್ರೂ ಇದ್ಯಾ ಮೇಡಮ್ಮೋರೇ? ಬಣ್ಣ ಗಿಣ್ಣ?"

"ಇಲ್ಲ."

"ಮತ್ತೇನು ವಿಶೇಷ ಅದರಲ್ಲಿ?"

"ಬೇರು ದೊಡ್ಡದು."

ಗಿರಣಿಯವನು ಬಗ್ಗಿ ಅವಳ ಅಂಗೈ ನೋಡಿದ. "ಇದರಲ್ಲೆಲ್ಲಿದೆ ಬೇರು?"

"ಬಿತ್ತಿದ್ರೆ ಬರುತ್ತೆ."

"ಹಂಗಾದ್ರೆ ಎಲ್ಲಾ ಬಿತ್ತಿ ನೋಡಿ." ಅವನು ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ತೋಚಿದ್ದು ಅದು, ನಿಜವೂ ಅದೇ. ಒಂದು ಲಾರಿ ಗೋಧಿಯನ್ನು ಬಿತ್ತಿ, ಒಂದೊಂದೇ ಗಿಡ ಅಗೆದು, ತೊಳೆದು ನೋಡಬೇಕು. ಅವಳ ಜನ್ಮ ಸಾಲದು, ಅವಳ ಮಕ್ಕಳದ್ದೂ ಸಾಲದು. ಅವನೇ ಮುಂದುವರಿಸಿದ. "ಆದ್ರೆ ನಿಮ್ದು ಇಲ್ಲಿ ಸಿಗೋದು ಸುಳ್ಳು ತಾಯಿ. ಮೊದ್ಲು ಸುರಿದಿದ್ದು ಮೊದ್ಲು ಮೇಲಕ್ಕೆ ಹೋಗುತ್ತೆ. ಇದೆಲ್ಲ ಲಾರೀದೇ."

"ನಮ್ದು?"

ಅವನು ಮೂಲೆಯ ಹಿಟ್ಟಿನ ಚೀಲಗಳ ಕಡೆ ಗಲ್ಲ ಎತ್ತಿದ. ಬಾಯಿ ಹೊಲಿಯದ ಒಂದು ಚೀಲಕ್ಕೆ ಬೇರಮ್ಮ ಕೈ ಇಟ್ಟಳು. ಹಿಟ್ಟು ಇನ್ನೂ ಬೆಚ್ಚಗಿತ್ತು. ಕೈಯ ಒಣ ಕೆಸರು ಅದಕ್ಕೆ ಉದುರಿತು. ಅವಳು ತಟ್ಟನೆ ಕೈ ತೆಗೆದು, ಉದುರಿದ ಮಣ್ಣನ್ನು ಬೆರಳ ತುದಿಯಲ್ಲಿ ಹೆಕ್ಕತೊಡಗಿದಳು, ಯಾರದೋ ಊಟ ಕೆಡುತ್ತದೆಂದು.

"ಬೇಕಾದ್ರೆ ತಗೊಂಡು ಹೋಗಿ," ಅಂದ ಗಿರಣಿಯವನು. "ನಿಮ್ದೇ ಅಲ್ವಾ."

"ಹಿಟ್ಟು ತಗೊಂಡು ಏನು ಮಾಡೋದಪ್ಪ," ಅಂದರು ಚಿಕ್ಕಪ್ಪ. ಆಮೇಲೆ ಏನೋ ಹೊಳೆದವರಂತೆ ನಿಂತರು. "ಖಾಲಿ ಚೀಲ ಎಲ್ಲಿ ಹಾಕಿದೆ? ಬಸ್ಸಿನ ಸೀಟಿನ ಸಂದೀಲಿ ಏನೇನು ಸಿಗ್ತಿತ್ತು ಅಂತೀಯ. ಚೀಲದ ಹೊಲಿಗೇಲೂ ಸಿಕ್ಕೊಂಡಿರುತ್ತೆ ಪುಟ್ಟಿ, ಕಾಳು."

ಹಿತ್ತಲಲ್ಲಿ ಖಾಲಿ ಚೀಲಗಳ ಗುಡ್ಡೆ ಎದೆಯೆತ್ತರ ಬಿದ್ದಿತ್ತು. ಮೂವರೂ ಒಂದೊಂದೇ ಎಳೆದು, ಕೊಡವಿ, ಮಗುಚಿ ನೋಡಿದರು. ಧೂಳಿಗೆ ಗಿಣಿ ಸೀನಿ ಸೀನಿ ಕಣ್ಣೀರು ಮಾಡಿಕೊಂಡಳು. ಅವಳನ್ನು ನೋಡಿ ತಾನು ನಿಜವಾಗಿಯೇ ಅತ್ತುಬಿಟ್ಟೇನೆಂದು ಬೇರಮ್ಮ ಹಲ್ಲು ಕಚ್ಚಿ ಹುಡುಕಿದಳು. 'ಬೇ' ಎಂದು ಬರೆದ ಚೀಲಗಳು ಸಿಕ್ಕವು. ಮೂರೇ ಸಿಕ್ಕವು. ನಾಲ್ಕನೆಯದರ ಮೇಲೆ ಗಿರಣಿಯ ಬೆಕ್ಕು ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಗಿಣಿ ಬೆಕ್ಕಿಗೆ ಏನೇನೋ ಸಮಾಧಾನ ಹೇಳುತ್ತ ಅದನ್ನೂ ಎಳೆದುಕೊಂಡಳು.

ಚಿಕ್ಕಪ್ಪ ಚೀಲಗಳ ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆಯ ಸಂದಿಗೆ ಉಗುರು ಹಾಕಿ ಕಾಳು ಬಿಡಿಸಿದರು. ಅಲ್ಲೊಂದು, ಇಲ್ಲೊಂದು. ಗಿಣಿ ತನ್ನ ಗುರುತಿನ ಚೀಟಿ ತೆಗೆದು ಅದರ ಪ್ಲಾಸ್ಟಿಕ್ ಕವರು ಕೊಟ್ಟಳು. ಕವರಿನ ತಳ ಮುಚ್ಚುವಷ್ಟು ಗೋಧಿಯಾಯಿತು. ಬೇರಮ್ಮ ಅದನ್ನು ಬೆಳಕಿಗೆ ಹಿಡಿದು ಕಾಳು ಎಣಿಸತೊಡಗಿದಳು.

"ಸಿಕ್ತಲ್ಲ," ಅಂದ ಬಾಗಿಲಿಗೆ ಬಂದ ಗಿರಣಿಯವನು. "ಆ ಚೀಲ ನೋಡಿದ ಕೂಡ್ಲೇ ಗೊತ್ತಾಯ್ತು ನಂಗೆ. ನಮ್ಮ ಗಿರಣೀವೇ. ಹೋದ ವರ್ಷ ನಿಮ್ಮ ಉಗ್ರಾಣದವ್ರು ನಮ್ಮತ್ರ ಹಳೇ ಚೀಲ ಒಯ್ದಿದ್ರಲ್ಲ, ಅವೇ ಇವು."

ಹಳೇ ಚೀಲವೆಂದರೆ ಅದರ ಸಂದಿಯಲ್ಲಿ ಎಷ್ಟು ಹೊಲಗಳ, ಎಷ್ಟು ಲಾರಿಗಳ ಗೋಧಿಯೋ. ಬೇರಮ್ಮ ಕವರನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡಳು. ಬಿಸಾಡಲು ಮನಸಾಗಲಿಲ್ಲ, ನಂಬಲೂ ಆಗಲಿಲ್ಲ.

ಮೇಡಂಗೆ ಅಲ್ಲಿಂದಲೇ ಫೋನು ಮಾಡಿದಳು. ಈ ಸಲ ಸ್ಪೀಕರ್ ಹಾಕಲಿಲ್ಲ. ಒಂದೂ ಬಿಡದೆ ಎಲ್ಲ ಹೇಳಿ ಮುಗಿಸಿದಳು.

"ಆ ಸಂದೀದು ನಮ್ದೇ ಅಂತ ಹೇಗೆ ಹೇಳ್ತೀಯ?" ಅಂದರು ಮೇಡಂ.

"ಹೇಳೋಕಾಗಲ್ಲ ಮೇಡಂ. ಬಿತ್ತಿ, ಅಗೆದು, ತೊಳೆದು ನೋಡ್ಬೇಕು."

"ಅದಕ್ಕೆ ಹೊಲ ಬೇಕಲ್ಲ. ನಮ್ಮ ಹೊಲದ ಮೇಲೆ ಜೋಳದ ತಳಿ ಮಾಡೋರು ಆಗ್ಲೇ ಕಣ್ಣಿಟ್ಟಿದಾರೆ. ನಿನ್ನೆ ತೂಕ ನೋಡಿ ಸಾಹೇಬ್ರು ಅವರಿಗೆ ತಡೀರಿ ಅಂದಿದ್ರು. ಈಗ ತೂಕದ್ದು ಒಂದು ಹಾಳೆ ಇದೆ, ಗೋಧಿ ಇಲ್ಲ. ಏನಂತ ತಡೀಲಿ ನಾನು?"

"ಗೊತ್ತಿಲ್ಲ ಮೇಡಂ."

"ನಂಗೂ ಗೊತ್ತಿಲ್ಲಮ್ಮ." ಮೇಡಂ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿಯಲ್ಲಿ ಬೈಗುಳಕ್ಕೆ ಬೇಕಾದ ಬಲವೇ ಇರಲಿಲ್ಲ. "ಸಾಹೇಬ್ರಿಗೆ ಈಗ ಹೇಳಿ ಹತ್ತು ನಿಮಿಷದಲ್ಲಿ ತಿಳಿಸ್ತೀನಿ."

ಹತ್ತು ನಿಮಿಷದೊಳಗೇ ತಿಳಿಸಿದರು. ನಾಳೆ ಬೆಳಿಗ್ಗೆ ಸಾಹೇಬರ ರೂಮಿನಲ್ಲಿ ಮಾತುಕತೆ. ಜೋಳದವರೂ ಬರುತ್ತಾರೆ. ಹೊಲ ಯಾರಿಗೆ ಎನ್ನುವುದು ಅಲ್ಲೇ ತೀರ್ಮಾನ. ಗಾಡಿ ಓಡಿಸಿದವರನ್ನೂ ಕರೆದುಕೊಂಡು ಬರಬೇಕು.

ಬರುವಾಗ ರೈಲ್ವೆ ಗೇಟು ತೆಗೆದಿತ್ತು. ನಿಲ್ಲದೆ ದಾಟಿ ಬಂದರು.

ಶೆಡ್ಡಿನಲ್ಲಿ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು. ಜಾರಿ ಬಿದ್ದ ಪೈಪು ಜರಡಿಯ ಅಂಚಿಗೆ ಒರಗಿ, ಇಷ್ಟು ಹೊತ್ತೂ ಹೆಂಟೆಯ ಮೇಲೆ ಸಣ್ಣಗೆ ನೀರು ಬಿಟ್ಟುಕೊಂಡು ಕೂತಿತ್ತು. ಮಣ್ಣೆಲ್ಲ ಕರಗಿ ಹೋಗಿತ್ತು. ಕೂಳೆಯ ಕೆಳಗೆ ಬೇರು ಇಡೀ ಜರಡಿಯ ತುಂಬ ಹರಡಿಕೊಂಡು, ಅಂಚಿನಿಂದ ಇಳಿದು, ನೀರಿನ ಜೊತೆ ಮೆಲ್ಲಗೆ ತೂಗುತ್ತಿತ್ತು. ಬೆಳ್ಳಗೆ, ಒಂದು ಎಳೆಯೂ ಹರಿಯದೆ. ಇಷ್ಟು ಚೆನ್ನಾಗಿ ಅವಳು ಯಾವತ್ತೂ ತೊಳೆದಿರಲಿಲ್ಲ.

"ಅಯ್ಯೋ, ಎಷ್ಟು ಉದ್ದ ಇದೆಯೇ," ಅಂದಳು ಗಿಣಿ ಪಿಸುದನಿಯಲ್ಲಿ. "ಇದನ್ನೇ ಮತ್ತೆ ನೆಟ್ರೆ?"

"ಸತ್ತಿದೆ ಕಣೇ ಅದು. ತೆನೆ ಕೊಯ್ದ ಮೇಲೆ ಬರೀ ಕಸ."

ಬೇರಮ್ಮ ಜರಡಿಯ ಮುಂದೆ ನಿಂತೇ ಇದ್ದಳು. ಜೇಬಿನ ಮೇಲಿಂದ ಕವರನ್ನು ಮುಟ್ಟಿ ನೋಡಿಕೊಂಡಳು. ಕಾಳುಗಳು ಒಂದರ ಮೇಲೊಂದು ಜಾರಿದವು.

ಚಿಕ್ಕಪ್ಪ ಬಾಗಿಲಿಗೆ ಬಂದು, ಒಳಗೆ ಬರಬಹುದೋ ಬಾರದೋ ಎಂಬಂತೆ ಹೊಸ್ತಿಲಾಚೆಯೇ ನಿಂತರು. ನಾಳೆಗೆಂದು ಈಗಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿದ್ದರು.

"ಪುಟ್ಟಿ, ನಾಳೆ ಎಷ್ಟೊತ್ತಿಗೆ ಅಂದ್ರು?"

ಬೇರಮ್ಮ ಬಾಯಿ ತೆರೆದು, ಹಾಗೇ ನಿಲ್ಲಿಸಿದಳು. ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಕೊನೆಯ ಹನಿ ಬೀಳುವವರೆಗೆ ಕಾದಳು. ಆಮೇಲೆ ಅವರ ಬಲಮಗ್ಗುಲಿಗೆ ಬಂದು ನಿಂತು ಹೇಳಿದಳು.

"ಹತ್ತು ಗಂಟೆಗೆ."

"ಹತ್ತು," ಅಂದರು ಚಿಕ್ಕಪ್ಪ. ಬೆರಳುಗಳನ್ನೆಲ್ಲ ಬಿಡಿಸಿ ಎರಡೂ ಅಂಗೈ ತೋರಿಸಿದರು. "ಹತ್ತು ತಾನೆ? ಸಾಹೇಬ್ರ ರೂಮಲ್ಲಿ ತಾನೆ?"

ಹೂಂ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಚಿಕ್ಕಪ್ಪ, ಸಾಹೇಬ್ರ ರೂಮಲ್ಲಿ. ನಾನೂ ನೀವೂ ಒಟ್ಟಿಗೆ ಹೋಗೋಣ."